ಫಾರೆಸ್ಟು ಮತ್ತು ಜಂಗಲ್ಲು

ಗುಂಡ್ಲುಪೇಟೆ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಮೇಷ್ಟರ ವೃತ್ತಿಯಲ್ಲಿ ಕೆಂಪು ಮಸಿಗೆ ಇರುವಷ್ಟು ಅಧಿಕಾರ ಬೇರೆ ಯಾವುದಕ್ಕೂ ಇಲ್ಲ. ಆ ಅಧಿಕಾರವನ್ನು ಒಮ್ಮೆ ನಾನು ತಪ್ಪಾಗಿ ಚಲಾಯಿಸಿದೆನೆಂಬುದು ಬಹುಕಾಲದ ಮೇಲೆ ನನಗೆ ಮನವರಿಕೆಯಾಯಿತು. ಆ ತಪ್ಪಿನ ವಿಚಾರವನ್ನು ವಾಚಕರ ಮುಂದೆ, ಅದರಲ್ಲಿಯೂ ಉಪಾಧ್ಯಾಯ ಮಿತ್ರರ ಮುಂದೆ, ಇಡುವುದೇ ಈ ಲೇಖನದ ಉದ್ದೇಶ.

ಒಂದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ಫಾರೆಸ್ಟ್’, ‘ಜಂಗಲ್’ ಎಂಬ ಎರಡು ಇಂಗ್ಲಿಷ್ ಮಾತುಗಳಿಗಿರುವ ವ್ಯತ್ಯಾಸವನ್ನು ಸ್ವಂತ ವಾಕ್ಯಗಳಲ್ಲಿ ತೋರಿಸಿರೆಂದು ಕೇಳಿದ್ದೆ. ಉತ್ತರವನ್ನು ನಾನೇ ಹಿಂದೆ ಹಲಗೆಯ ಮೇಲೆ ಬರೆಸಿದ್ದೆ: ಮರಗಳು ತುಂಬಿರುವ ವಿಸ್ತಾರವಾದ ಪ್ರದೇಶ ಫಾರೆಸ್ಟು, ಅದಕ್ಕಿಂತಲೂ ದಟ್ಟವಾಗಿ, ಬಳ್ಳಿ ಪೊದೆಗಳು ಹೆಣೆದುಕೊಂಡು, ನಡೆಯಲು ದಾರಿಯಿಲ್ಲದಂತಿರುವುದು ಜಂಗಲ್ಲು. ಹೆಚ್ಚಿನ ಮಕ್ಕಳು ಇದನ್ನೇ ಒಪ್ಪಿಸಿದರು. ಸೋಲಿಗರ ಪೋಡಿನಿಂದ ಬರುತ್ತಿದ್ದ ಹುಡುಗನೊಬ್ಬ ಮಾತ್ರ ಎರಡೇ ವಾಕ್ಯ ಬರೆದಿದ್ದ. ಕನ್ನಡದಲ್ಲಿ ಹೇಳುವುದಾದರೆ ಅವು ಇಷ್ಟು: “ಫಾರೆಸ್ಟಿಗೆ ಗೇಟು ಇರುತ್ತದೆ. ಜಂಗಲ್ಲಿಗೆ ಗೇಟು ಇರುವುದಿಲ್ಲ.” ‘ಎ’, ‘ದಿ’ ಎಂಬ ಉಪಪದಗಳನ್ನು ಆತ ಬಿಟ್ಟಿದ್ದ. ನಾನು ಆ ಲೋಪಗಳಿಗೆ ಗೆರೆ ಹಾಕಿ, ಅಂಚಿನಲ್ಲಿ ಸೊನ್ನೆ ಬರೆದೆ. ಹುಡುಗ ಉತ್ತರಪತ್ರಿಕೆಯನ್ನು ನೋಡಿದ, ನನ್ನನ್ನು ನೋಡಿದ, ಅದನ್ನು ಮಡಿಸಿಕೊಂಡು ತನ್ನ ಸ್ಥಳಕ್ಕೆ ಹೋಗಿ ಕುಳಿತ.

ಈಚೆಗೆ ಒಂದು ಮುಂಜಾನೆ ಊಟಿಯ ಕಡೆಗೆ ಹೊರಟವನು ಮೇಲುಕಾಮನಹಳ್ಳಿಯ ತಪಾಸಣಾ ಠಾಣೆಯ ಬಳಿ ವಾಹನಗಳ ಸಾಲಿನಲ್ಲಿ ನಿಲ್ಲಬೇಕಾಯಿತು. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ ೯ ಗಂಟೆಯಿಂದ ಬೆಳಗ್ಗೆ ೬ ಗಂಟೆಯವರೆಗೆ ಸಂಚಾರ ನಿರ್ಬಂಧಿಸಿದ್ದು ೨೦೦೯ರಲ್ಲಿ. ಗಂಟೆ ಇನ್ನೂ ಐದೂವರೆ. ಸುಮ್ಮನೆ ಕುಳಿತು ನೋಡಿದೆ. ಗೇಟಿನ ಈಚೆಗೂ ಲಂಟಾನದ ಪೊದೆ, ಆಚೆಗೂ ಲಂಟಾನದ ಪೊದೆ. ಈಚೆಗೆ ನಾಲ್ಕು ಜಾಲಿಮರ, ಆಚೆಗೆ ನಾಲ್ಕು ದಿಂಡಿಗದ ಮರ. ಗೇಟಿನ ಎಡಬಲಗಳಲ್ಲಿ ಕಾಡು ದಟ್ಟವಾಗಿಯೂ ಇರಲಿಲ್ಲ, ವಿರಳವಾಗಿಯೂ ಇರಲಿಲ್ಲ, ಇದ್ದಂತೆ ಇತ್ತು. ಹಾಗಿದ್ದರೂ ಆ ಕಂಬದಿಂದಾಚೆಗೆ ಇರುವುದು ಫಾರೆಸ್ಟು. ಈಚೆಗೆ ಇರುವುದು ಅಲ್ಲ. ಆಗ ಆ ಹುಡುಗನ ಎರಡು ವಾಕ್ಯ ನೆನಪಿಗೆ ಬಂದುವು. ಮನೆಗೆ ಮರಳಿದವನು ನಿಘಂಟುಗಳನ್ನು ತೆರೆದು ಕುಳಿತೆ.

ಮೊದಲು ವ್ಯಾಕರಣವನ್ನೇ ನೋಡೋಣ. ಎರಡೂ ನಾಮಪದಗಳು, ಎರಡನ್ನೂ ಎಣಿಸಲೂ ಬಹುದು, ಎಣಿಸದೆ ರಾಶಿಯಾಗಿ ಹೇಳಲೂ ಬಹುದು. ಇಲ್ಲಿಯವರೆಗೆ ಅವು ಅವಳಿಗಳು. ಆದರೆ ಶಬ್ದಗಳಿಗೂ ಸಂತಾನವುಂಟು, ಮತ್ತು ಸಂತಾನವನ್ನು ನೋಡಿದರೆ ವಂಶದ ಗುಣ ತಿಳಿಯುತ್ತದೆ. ‘ಫಾರೆಸ್ಟ್’ ಎಂಬುದಕ್ಕೆ ಮಕ್ಕಳು ಮರಿ ಹೇರಳ: ಅದನ್ನು ನೋಡಿಕೊಳ್ಳುವವನು ಫಾರೆಸ್ಟರ್, ಅವನ ವಿದ್ಯೆ ಫಾರೆಸ್ಟ್ರಿ, ಅದನ್ನು ಉಂಟುಮಾಡುವ ಕ್ರಿಯೆಗೊಂದು ಪದ, ಕಳೆಯುವ ಕ್ರಿಯೆಗೊಂದು ಪದ, ಮರಳಿ ಉಂಟುಮಾಡುವ ಕ್ರಿಯೆಗೆ ಮತ್ತೊಂದು. ‘ಜಂಗಲ್’ ಎಂಬುದು ಹೆಚ್ಚುಕಡಿಮೆ ಬಂಜೆ. ಅದರಿಂದ ಹುಟ್ಟಿದ ‘ಜಂಗ್ಲಿ’ ಎಂಬ ಒಂದೇ ವಿಶೇಷಣ ನಮ್ಮ ದೇಶದಲ್ಲಿ ಬೈಗುಳವಾಗಿ ಉಳಿದಿದೆ. ಜಂಗಲ್ಲನ್ನು ಉಂಟುಮಾಡುವುದಕ್ಕೆ ಇಂಗ್ಲಿಷಿನಲ್ಲಿ ಬಳಕೆಯ ಕ್ರಿಯಾಪದವಿಲ್ಲ. ಏಕೆಂದರೆ ಅದನ್ನು ಯಾರೂ ಉಂಟುಮಾಡುವುದಿಲ್ಲ. ಅದು ತಾನೇ ಬೆಳೆಯುತ್ತದೆ.

ಸಮಾಸಗಳಲ್ಲಿಯೂ ಹೀಗೆಯೇ. ಫಾರೆಸ್ಟ್ ಆಫೀಸರು ಉಂಟು, ಫಾರೆಸ್ಟ್ ಗಾರ್ಡು ಉಂಟು, ಫಾರೆಸ್ಟ್ ಆಕ್ಟು ಉಂಟು. ಜಂಗಲ್ ಆಫೀಸರು ಎಲ್ಲಿಯೂ ಇಲ್ಲ. ಜಂಗಲ್ ಎಂಬುದು ಸೇರಿಕೊಳ್ಳುವುದು ಕೋಳಿಯೊಡನೆ, ಬೆಕ್ಕಿನೊಡನೆ, ಹಿಂದಿನ ಕಾಲದಲ್ಲಿ ಚಳಿಜ್ವರದೊಡನೆ. ಇನ್ನು ಅಲಂಕಾರದ ಬಳಕೆ. ಎತ್ತಿದ ಕೈಗಳನ್ನೂ ಬಂದರಿನಲ್ಲಿ ನಿಂತ ಹಡಗುಗಳ ಪಟಸ್ತಂಭಗಳನ್ನೂ ಕಂಡರೆ ಇಂಗ್ಲಿಷರು ಅವುಗಳ ‘ಫಾರೆಸ್ಟ್’ ಎನ್ನುತ್ತಾರೆ. ಗೋಜಲಾದ ತಂತಿಗಳನ್ನೋ ಬಿಡಿಸಲಾಗದ ನಿಬಂಧನೆಗಳನ್ನೋ ಕಂಡರೆ ‘ಜಂಗಲ್’ ಎನ್ನುತ್ತಾರೆ. ನೆಟ್ಟಗೆ ಸಾಲಾಗಿ ನಿಂತುದು ಒಂದು, ತೊಡರಿಕೊಂಡುದು ಇನ್ನೊಂದು. ‘ಜಂಗಲ್ಲಿನ ಕಾನೂನು’ ಎಂಬ ಮಾತಿಗೆ ಈಗ ಬಲಿಷ್ಠನದೇ ನ್ಯಾಯ ಎಂಬ ಅರ್ಥ ಬಂದಿದೆ. ೧೮೯೪ರ ‘ಜಂಗಲ್ ಬುಕ್’ನಲ್ಲಿಯೂ ಮರುವರ್ಷದ ಅದರ ಎರಡನೆಯ ಭಾಗದಲ್ಲಿಯೂ ಕಿಪ್ಲಿಂಗನು ಆ ಮಾತಿಗೆ ಕೊಟ್ಟಿದ್ದ ಅರ್ಥ ಇದಕ್ಕೆ ಪೂರ್ಣ ವಿರುದ್ಧ, ಅಲ್ಲಿ ತೋಳದಿಂದ ಕರಡಿಯವರೆಗೆ ಎಲ್ಲ ಪ್ರಾಣಿಗಳೂ ತಪ್ಪದೆ ನಡೆಯಬೇಕಾದ ಕಟ್ಟುನಿಟ್ಟಾದ ಧರ್ಮವದು. ಜಂಗಲ್ಲಿಗೂ ತನ್ನದೇ ಆದ ಕಾನೂನು ಇರಬಹುದೆಂಬುದನ್ನು ಇಂಗ್ಲಿಷ್ ಲೋಕ ಒಪ್ಪಲಿಲ್ಲ. ಮಾತನ್ನು ಉಳಿಸಿಕೊಂಡು ಅರ್ಥವನ್ನು ತಿರುಗಿಸಿಬಿಟ್ಟಿತು.

ಈ ಭೇದಕ್ಕೆ ಮೂಲವೇನು? ಮರಗಳ ದಟ್ಟಣೆಯಲ್ಲ, ಚರಿತ್ರೆ. ‘ಫಾರೆಸ್ಟ್’ ಎಂಬುದು ಲ್ಯಾಟಿನಿನಲ್ಲಿ ‘ಹೊರಗೆ’ ಎಂಬರ್ಥದ ‘ಫೋರಿಸ್’ ಎಂಬ ಮಾತಿನಿಂದ ಬಂದಿತೆಂದು ಬಹುಮಂದಿ ವಿದ್ವಾಂಸರ ಅಭಿಮತ. ಅದು ಊರಿನ ಬೇಲಿಯ ಹೊರಗಿನದು, ಜನಸಾಮಾನ್ಯರ ಬಳಕೆಯ ಹೊರಗಿನದು. ೧೦೬೬ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ ತನ್ನ ಬೇಟೆಯ ಜಿಂಕೆಗಳಿಗಾಗಿ ವಿಸ್ತಾರವಾದ ನೆಲವನ್ನು ಫಾರೆಸ್ಟೆಂದು ಸಾರಿದನು. ಅದರೊಳಗೆ ಮರವಿಲ್ಲದ ಬಯಲಿತ್ತು, ಹುಲ್ಲುಗಾವಲಿತ್ತು, ಹಳ್ಳಿಗಳೂ ಹೊಲಗಳೂ ಇದ್ದುವು. ಅಲ್ಲಿ ನಡೆಯುತ್ತಿದ್ದುದು ನಾಡಿನ ಕಾನೂನಲ್ಲ, ಫಾರೆಸ್ಟಿನ ಪ್ರತ್ಯೇಕ ಕಾನೂನು. ಆ ಕಾನೂನಿನ ಬಿಗಿಯನ್ನು ಸಡಿಲಿಸಿ, ಸೌದೆ ಮೇವುಗಳ ಹಕ್ಕನ್ನು ಜನರಿಗೆ ಮರಳಿಸಲು ೧೨೧೭ರಲ್ಲಿ ಒಂದು ಪ್ರತ್ಯೇಕ ಶಾಸನವೇ ಬೇಕಾಯಿತು. ಆ ಕಾಲದ ಇಂಗ್ಲಿಷಿನಲ್ಲಿ ‘ಅಫಾರೆಸ್ಟ್’ ಮಾಡುವುದೆಂದರೆ ಗಿಡ ನೆಡುವುದಲ್ಲ, ನೆಲವನ್ನು ಫಾರೆಸ್ಟಿನ ಕಾನೂನಿಗೆ ಒಳಪಡಿಸುವುದು. ‘ಡಿಸ್‌ಅಫಾರೆಸ್ಟ್’ ಮಾಡುವುದೆಂದರೆ ಮರ ಕಡಿಯುವುದಲ್ಲ, ಕಾನೂನನ್ನು ಹಿಂತೆಗೆಯುವುದು. ಒಂದು ಎಲೆಯೂ ಅಲುಗದೆ ಫಾರೆಸ್ಟು ಹುಟ್ಟಬಹುದಾಗಿತ್ತು, ಒಂದು ಎಲೆಯೂ ಉದುರದೆ ಅಳಿಯಬಹುದಾಗಿತ್ತು. ಗೇಟು ಮೊದಲು, ಮರ ಆಮೇಲೆ.

‘ಜಂಗಲ್’ ಎಂಬುದರ ಕಥೆ ಇನ್ನೂ ಸ್ವಾರಸ್ಯವಾದದ್ದು, ಏಕೆಂದರೆ ಅದು ನಮ್ಮ ದೇಶದಿಂದಲೇ ಹೋದ ಮಾತು. ಸಂಸ್ಕೃತದಲ್ಲಿ ‘ಜಾಂಗಲ’ವೆಂದರೆ ಒತ್ತಾಗಿ ಮರಗಳಿರುವ ಸ್ಥಳವಲ್ಲ, ಮಳೆ ಕಡಿಮೆಯಾಗಿ, ಗಾಳಿ ಬಿಸಿಲುಗಳು ಧಾರಾಳವಾಗಿ ಆಡುವ, ಮುಳ್ಳಿನ ಗಿಡಮರಗಳು ವಿರಳವಾಗಿರುವ, ಕೃಷ್ಣಮೃಗಗಳು ಓಡಾಡುವ ಒಣನೆಲ. ಆಯುರ್ವೇದದ ಗ್ರಂಥಗಳು ದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ವಿಭಾಗಿಸಿ, ನೀರು ನಿಲ್ಲುವ ಆನೂಪಕ್ಕೆ ಎದುರಾಗಿ ಜಾಂಗಲವನ್ನು ಆರೋಗ್ಯಕರವೆಂದು ಹೊಗಳುತ್ತವೆ. ಈ ಮಾತು ಹಿಂದುಸ್ಥಾನಿಯಲ್ಲಿ ‘ಜಂಗಲ್’ ಆಗಿ ಸಾಗುವಳಿಯಿಲ್ಲದ ನೆಲ, ಪಾಳುಭೂಮಿ ಎಂಬರ್ಥಕ್ಕೆ ತಿರುಗಿತು. ಕಂಪನಿ ಸರಕಾರದ ಇಂಗ್ಲಿಷರು ಹದಿನೆಂಟನೆಯ ಶತಮಾನದಲ್ಲಿ ಅದನ್ನು ಆ ಅರ್ಥದಲ್ಲಿಯೇ ಎತ್ತಿಕೊಂಡರು. ಪಾಳುಬಿದ್ದ ನೆಲದಲ್ಲಿ ಪೊದೆ ಬೆಳೆಯುತ್ತದೆ. ಪೊದೆಯಿಂದ ಗೋಜಲು, ಗೋಜಲಿನಿಂದ ಕತ್ತಲೆ. ಹೀಗೆ ಅರ್ಥವು ಒಂದೊಂದೇ ಹೆಜ್ಜೆ ಸರಿಯುತ್ತ, ಕೊನೆಗೆ ಸದಾ ಮಳೆ ಸುರಿಯುವ ಉಷ್ಣವಲಯದ ನಿಬಿಡತೆಯೇ ಜಂಗಲ್ ಎಂದಾಯಿತು. ಒಣನೆಲಕ್ಕೆ ಇಟ್ಟ ಹೆಸರು ತೊಯ್ದ ನೆಲಕ್ಕೆ ಅಂಟಿಕೊಂಡಿತು.

ಇದನ್ನು ಓದಿದಾಗ ನನಗೆ ನಗೆಯೂ ನಾಚಿಕೆಯೂ ಒಟ್ಟಿಗೆ ಬಂದುವು. ನಮ್ಮ ಗುಂಡ್ಲುಪೇಟೆಯ ಸೀಮೆ ನೀಲಗಿರಿಯ ಮಳೆಯ ಮರೆಯಲ್ಲಿರುವ ಒಣಸೀಮೆ. ಬಂಡೀಪುರದ ಬಹುಭಾಗ ಬೇಸಗೆಯಲ್ಲಿ ಎಲೆ ಕಳಚಿ ನಿಲ್ಲುವ ದಿಂಡಿಗ, ಮತ್ತಿ, ಹೊನ್ನೆ, ತೇಗಗಳ ಕಾಡು. ಅಂಚಿನಲ್ಲಿ ಕಗ್ಗಲಿ ಮತ್ತು ಜಾಲಿಯ ಮುಳ್ಳು. ‘ಜಾಂಗಲ’ವೆಂಬ ಮಾತಿನ ಮೂಲಾರ್ಥಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಿರಲಿಲ್ಲ. ಅಂಥ ನೆಲದಲ್ಲಿ ನಿಂತು ನಾನು ಮಕ್ಕಳಿಗೆ, ಜಂಗಲ್ಲೆಂದರೆ ಅಮೆಜಾನಿನ ತೀರದಲ್ಲಿರುವುದು, ನಿಮ್ಮ ಮನೆಯ ಹಿಂದಿರುವುದಲ್ಲ, ಎಂದು ಪಾಠ ಹೇಳಿದೆ.

ಇಂಗ್ಲಿಷಿನ ಮಾತು ಇರಲಿ. ಈ ಎರಡು ಪದಗಳ ಭೇದ ನಮ್ಮ ಕನ್ನಡದಲ್ಲಿಯೂ ‘ಅರಣ್ಯ’, ‘ಕಾಡು’ ಎಂಬ ಜೋಡಿಯಾಗಿ ನೆಲೆಸಿದೆಯೆಂಬುದು ಇನ್ನೂ ಗಮನಾರ್ಹವಾದ ವಿಷಯ. ‘ಅರಣ್ಯ’ವನ್ನು ವ್ಯುತ್ಪತ್ತಿಕಾರರು ‘ಪರಕೀಯ, ದೂರದ’ ಎಂಬರ್ಥದ ‘ಅರಣ’ ಶಬ್ದಕ್ಕೆ ಸೇರಿಸುತ್ತಾರೆ. ಫಾರೆಸ್ಟಿನಂತೆ ಅದೂ ಹೊರಗಿನದೇ. ಅದು ಇಲಾಖೆಯೊಡನೆ, ಅಧಿಕಾರಿಯೊಡನೆ, ಕಾಯಿದೆಯೊಡನೆ ಸಮಾಸವಾಗುತ್ತದೆ. ‘ಕಾಡು’ ಹಂದಿಯೊಡನೆ, ಕೋಳಿಯೊಡನೆ, ಮಲ್ಲಿಗೆಯೊಡನೆ, ಕಿಚ್ಚಿನೊಡನೆ ಸೇರುತ್ತದೆ. ‘ಅರಣ್ಯಕೋಳಿ’ ಎಂದವನನ್ನು ಕಂಡರೆ ಕೋಳಿಯೂ ನಗುತ್ತದೆ. ಕ್ರಿಯಾಪದದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಉಳದೆ ಬಿಟ್ಟ ಹೊಲ ‘ಕಾಡಾಯಿತು’ ಎನ್ನುತ್ತೇವೆ. ಕರ್ತೃವಾಗಿ ಅಲ್ಲಿ ಯಾರೂ ಬೇಕಿಲ್ಲ. ಅರಣ್ಯವಾದರೋ ‘ಘೋಷಿಸಲ್ಪಡುತ್ತದೆ’, ‘ಕಾಯ್ದಿರಿಸಲ್ಪಡುತ್ತದೆ’. ಕರ್ಮಣಿ ಪ್ರಯೋಗವಿಲ್ಲದೆ ಅದು ಹುಟ್ಟುವಂತೆಯೇ ಇಲ್ಲ. ಕಾಡಿಗೆ ‘ನಾಡು’ ಎಂಬ ಜೊತೆಗಾರನುಂಟು, ‘ಕಾಡುಮೇಡು’ ಎಂಬ ಜೋಡುನುಡಿಯುಂಟು. ಅರಣ್ಯಕ್ಕೆ ಅಂಥ ನೆಂಟರಿಲ್ಲ. ‘ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ’ ಎಂದು ಮುದುಕರು ಹೇಳಿಕೊಳ್ಳುವ ಗಾದೆಯಲ್ಲಿ ‘ಕಾಡು’ ತೆಗೆದು ‘ಅರಣ್ಯ’ ಹಾಕಿ ನೋಡಿ. ಅರಣ್ಯ ಯಾರನ್ನೂ ಬಾ ಎನ್ನುವುದಿಲ್ಲ. ಚೀಟಿ ಇದೆಯೇ ಎಂದು ಕೇಳುತ್ತದೆ.

ನಮ್ಮ ಹಳ್ಳಿಗರು ಈ ಭೇದವನ್ನು ಯಾವ ವೈಯಾಕರಣನಿಗಿಂತಲೂ ಚೆನ್ನಾಗಿ ಬಲ್ಲರು. ‘ಫಾರೆಸ್ಟಿನವರು ಬಂದರು’ ಎಂದರೆ ಖಾಕಿ ಬಟ್ಟೆಯವರು ಬಂದರೆಂದು ಅರ್ಥ. ‘ಕಾಡಿನವರು ಬಂದರು’ ಎಂದರೆ ಜೇನು, ನೆಲ್ಲಿಕಾಯಿ, ಸೀಗೆಕಾಯಿ ಹೊತ್ತು ಪೋಡಿನವರು ಬಂದರೆಂದು ಅರ್ಥ. ಷಷ್ಠೀವಿಭಕ್ತಿಯೂ ಒಂದೇ, ಬಹುವಚನವೂ ಒಂದೇ. ಆದರೆ ಮೊದಲನೆಯವರಿಗೆ ಬಾಗಿಲಲ್ಲಿ ಕುರ್ಚಿ ಹಾಕುತ್ತಾರೆ, ಎರಡನೆಯವರನ್ನು ಹಿತ್ತಿಲಿಗೆ ಕಳುಹಿಸುತ್ತಾರೆ.

ಇದೆಲ್ಲ ಬರಿಯ ಶಬ್ದವಿಲಾಸವೆಂದು ಯಾರಾದರೂ ಎಂದಾರು. ಹಾಗಲ್ಲ. ಈ ಮಾತುಗಳ ಮೇಲೆ ಎಕರೆಗಟ್ಟಲೆ ನೆಲವೂ ಎಷ್ಟೋ ಸಂಸಾರಗಳ ಬದುಕೂ ನಿಂತಿವೆ. ೧೯೨೭ರ ಭಾರತೀಯ ಅರಣ್ಯ ಕಾಯಿದೆಯಲ್ಲಿ ‘ಫಾರೆಸ್ಟ್’ ಎಂದರೇನೆಂಬ ವ್ಯಾಖ್ಯೆಯೇ ಇಲ್ಲ. ಅದು ಹೇಳುವುದು ಫಾರೆಸ್ಟನ್ನು ಕಾಯ್ದಿರಿಸುವ ಕ್ರಮವನ್ನು. ಬಂಡೀಪುರವನ್ನು ದಾಟಿ, ಮುದುಮಲೆಯನ್ನು ದಾಟಿದರೆ ಸಿಗುವ ಗೂಡಲೂರಿನ ಕಾಡುಗಳ ಮರಕಡಿತದ ವಿಷಯವಾಗಿ ಗೋದವರ್ಮನ್ ತಿರುಮುಲ್ಪಾಡರು ಸುಪ್ರೀಂ ಕೋರ್ಟಿಗೆ ಹೋದರು. ೧೯೯೬ರ ಡಿಸೆಂಬರ್ ೧೨ರಂದು ನ್ಯಾಯಾಲಯವು, ಒಡೆತನ ಯಾರದೇ ಆಗಿರಲಿ, ‘ಫಾರೆಸ್ಟ್’ ಎಂಬ ಮಾತಿಗೆ ನಿಘಂಟಿನಲ್ಲಿರುವ ಅರ್ಥವನ್ನೇ ಹಿಡಿಯಬೇಕೆಂದು ಆಜ್ಞೆ ಮಾಡಿತು. ಸರಕಾರದ ದಫ್ತರಿನಲ್ಲಿ ಹೆಸರಿಲ್ಲದಿದ್ದ ಕಾಡುಗಳಿಗೂ ಅದರಿಂದ ರಕ್ಷಣೆ ಬಂದಿತು. ೨೦೨೩ರಲ್ಲಿ ಸಂಸತ್ತು ಅರಣ್ಯ ಸಂರಕ್ಷಣಾ ಕಾಯಿದೆಯನ್ನು ತಿದ್ದಿ, ದಾಖಲೆಯಲ್ಲಿರುವುದಕ್ಕೆ ಹೆಚ್ಚು ಒತ್ತು ಕೊಟ್ಟಿತು. ೨೦೨೪ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಸದ್ಯಕ್ಕೆ ನಿಘಂಟಿನ ಅರ್ಥವೇ ನಡೆಯಲೆಂದು ಮಧ್ಯಂತರ ಆಜ್ಞೆ ನೀಡಿತು. ನಿಘಂಟನ್ನು ತೆರೆದು ಅರ್ಥ ಹುಡುಕುವ ಕೆಲಸ ಶಾಲೆಯ ಹುಡುಗರಿಗೆ ಮಾತ್ರ ಸೇರಿದ್ದೆಂದು ತಿಳಿದಿದ್ದ ನನಗೆ ಇದು ದೊಡ್ಡ ಪಾಠ.

ನಮ್ಮ ಜಿಲ್ಲೆಯಲ್ಲಿ ಸುಮಾರು ಅರ್ಧಭಾಗ ಅರಣ್ಯ. ಬಂಡೀಪುರ ಮೈಸೂರರಸರ ಬೇಟೆಯ ಕಾಡಾಗಿತ್ತು. ೧೯೪೧ರಲ್ಲಿ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ೧೯೭೩ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. ವಿಲಿಯಂ ದೊರೆಯ ಕಥೆಗೂ ಇದಕ್ಕೂ ಹೋಲಿಕೆ ಎಷ್ಟೆಂಬುದನ್ನು ವಾಚಕರೇ ಕಾಣಬಹುದು. ಬಿಳಿಗಿರಿರಂಗನ ಬೆಟ್ಟ ೧೯೭೪ರಲ್ಲಿ ಅಭಯಾರಣ್ಯವಾಯಿತು. ಸೋಲಿಗರ ನುಡಿಯಲ್ಲಿ ಅಲ್ಲಿರುವುದು ಒಂದು ಕಾಡಲ್ಲ. ಕಾನುಕಾಡು, ಮಲೆಕಾಡು, ನಾಡುಕಾಡು ಎಂದು ಬಗೆಬಗೆ. ಬೇಸಗೆಯ ಮೊದಲಲ್ಲಿ ತರಗೆಲೆಗೆ ಸಣ್ಣ ಉರಿ ಹಚ್ಚುವ ಅವರ ಪದ್ಧತಿಗೆ ‘ತರಗುಬೆಂಕಿ’ ಎಂದು ಹೆಸರು. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದುದು ಕಾಡ್ಗಿಚ್ಚು. ಒಂದು ಮೊಣಕಾಲೆತ್ತರದ ಉರಿ, ಇನ್ನೊಂದು ಮರದ ನೆತ್ತಿಗೆ ಹಾರುವ ಉರಿ. ಕಾಯಿದೆಯ ಭಾಷೆಯಲ್ಲಿ ಎರಡೂ ಅಪರಾಧವೇ. ತರಗುಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತು, ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿತು ಎಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಎರಡು ಮಾತುಗಳ ಭೇದವನ್ನು ಕೇಳಿಸಿಕೊಳ್ಳದಿದ್ದರೆ ಒಂದು ಜ್ಞಾನವೇ ಕಿವಿಗೆ ಬೀಳದೆ ಹೋಗುತ್ತದೆ.

೨೦೦೬ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೆ, ೨೦೧೧ರಲ್ಲಿ, ಬಿಳಿಗಿರಿರಂಗನ ಬೆಟ್ಟದ ೨೫ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕುಪತ್ರಗಳು ದೊರೆತುವು. ಅದೇ ವರ್ಷವೇ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಕಾಯಿದೆ ಅವರನ್ನು ‘ಅರಣ್ಯವಾಸಿ’ಗಳೆಂದು ಕರೆಯುತ್ತದೆ. ತಲೆಮಾರುಗಳಿಂದ ಕಾಡಿನವರಾಗಿದ್ದವರು, ಆ ಕಾಡಿನ ಮೇಲೆ ಹಕ್ಕು ಪಡೆಯಲು, ಕಾಗದದ ಮೇಲೆ ಅರಣ್ಯದವರಾಗಬೇಕಾಯಿತು.

ಹಾಗಾದರೆ ಅರಣ್ಯವೆಂಬುದೇ ಬೇಡವೆಂದು ನನ್ನ ವಾದವೇ? ಖಂಡಿತ ಅಲ್ಲ. ಮಳೆಗಾಲದಲ್ಲಿ ಗುಂಡ್ಲುಪೇಟೆಯ ದಾರಿಯಲ್ಲಿ ಬಂದವರು ನೋಡಿರಬಹುದು. ಸೂರ್ಯಕಾಂತಿಯ ಹೊಲ, ಚೆಂಡುಹೂವಿನ ಹೊಲ ಬಂಡೀಪುರದ ಅಂಚಿನವರೆಗೂ ಬಂದು ನಿಂತಿವೆ. ಅವು ಅಲ್ಲಿ ನಿಂತಿರುವುದು ಕಾಯಿದೆಯ ಗೆರೆ ಇರುವುದರಿಂದ. ಗೇಟು ಇರದಿದ್ದರೆ ಇರುಳೆಲ್ಲ ಲಾರಿಗಳು ಓಡುತ್ತಿದ್ದುವು. ಜಿಂಕೆ, ಕಾಡೆಮ್ಮೆಗಳು ಗಾಲಿಗೆ ಸಿಕ್ಕುತ್ತಿದ್ದುವು. ನಮ್ಮ ಕಾಲದ ಆಸೆಗಳ ಎದುರು ಕಾಡು ತಾನಾಗಿ ಉಳಿಯಲಾರದು. ಅರಣ್ಯವೆಂಬ ಹೆಸರಿನ ಬೇಲಿ ಅದಕ್ಕೆ ಬೇಕು. ಆದರೆ ಬೇಲಿಯೇ ಕಾಡೆಂದು ಭ್ರಮಿಸಬಾರದು. ತೇಗವನ್ನು ಸಾಲಾಗಿ ನೆಟ್ಟು ‘ಅರಣ್ಯೀಕರಣ’ ಮಾಡಬಹುದು; ‘ಕಾಡೀಕರಣ’ ಮಾಡಲು ಯಾವ ಯೋಜನೆಗೂ ಸಾಧ್ಯವಿಲ್ಲ, ಕನ್ನಡವೂ ಆ ಮಾತಿಗೆ ಒಪ್ಪುವುದಿಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಈ ಎರಡು ಮಾತುಗಳನ್ನು ಪಾಠ ಹೇಳುವ ಉಪಾಧ್ಯಾಯರು ದಟ್ಟ, ಅತಿದಟ್ಟ ಎಂಬ ಅಳತೆಗೋಲನ್ನು ಬಿಡಬೇಕು. ಫಾರೆಸ್ಟು ಯಾರೋ ಗುರುತಿಸಿ, ಹೆಸರಿಟ್ಟು, ಕಾಯುವ ಕಾಡು. ಜಂಗಲ್ಲು ಯಾರೂ ಹೆಸರಿಡುವ ಮೊದಲೇ ಬೆಳೆದಿರುವ ಕಾಡು. ಹೀಗೆ ಹೇಳಿದರೆ ಮೇಲೆ ಕಂಡ ವ್ಯಾಕರಣದ ವಿಶೇಷಗಳಲ್ಲಿ ಹೆಚ್ಚಿನವು ತಾವಾಗಿ ಅರ್ಥವಾಗುತ್ತವೆ. ಮಳೆನಾಡುಗಳ ದಟ್ಟ ಗೋಜಲಿಗೆ ಇಂಗ್ಲಿಷರು ಈಗ ಜಂಗಲ್ ಎನ್ನುವುದನ್ನೂ ಹೇಳಬೇಕು, ಆದರೆ ಆ ಮಾತಿನ ಹುಟ್ಟೂರು ಇಂಥ ಒಣನೆಲವೆಂಬುದನ್ನು ಮರೆಮಾಚಬಾರದು. ಎರಡನೆಯದಾಗಿ, ಕನ್ನಡ ಬರೆಯುವವರು ಗಾಂಭೀರ್ಯಕ್ಕೆಂದು ಎಲ್ಲ ಕಡೆಯೂ ‘ಅರಣ್ಯ’ವನ್ನು ತಂದು ಕೂರಿಸಬಾರದು. ಇಲಾಖೆಯ ಮಾತು ಬಂದಲ್ಲಿ ಅರಣ್ಯವಿರಲಿ. ಆನೆ, ಜೇನು, ಬೆಳದಿಂಗಳು ಬಂದಲ್ಲಿ ಕಾಡೇ ಇರಲಿ. ಮೂರನೆಯದು ಪರೀಕ್ಷಕರಿಗೆ: ಮಗುವಿನ ವಾಕ್ಯದಲ್ಲಿ ಉಪಪದ ತಪ್ಪಿದ್ದರೆ ಅದನ್ನು ತಿದ್ದಿರಿ, ಅರ್ಥಕ್ಕೆ ಅಂಕ ಕೊಡುವ ಮೊದಲು ಅದು ಎಲ್ಲಿಂದ ಬರೆದದ್ದೆಂದು ಒಂದು ಕ್ಷಣ ಯೋಚಿಸಿರಿ.

ಆರು ಗಂಟೆಗೆ ಗಾರ್ಡು ಬಂದು ಗೇಟನ್ನು ತೆಗೆದನು. ವಾಹನಗಳು ಒಂದರ ಹಿಂದೊಂದು ಒಳಗೆ ಸರಿದುವು. ಆ ಹುಡುಗನಿಗೆ ಈಗ ನಡುವಯಸ್ಸಾಗಿರಬೇಕು. ಅವನ ಉತ್ತರಪತ್ರಿಕೆ ಮತ್ತೆ ನನ್ನ ಕೈಗೆ ಸಿಗುವಂತಿದ್ದರೆ, ಮೊದಲ ವಾಕ್ಯಕ್ಕೆ ‘ಎ’ ಸೇರಿಸಿ, ಎರಡನೆಯದಕ್ಕೆ ‘ದಿ’ ಸೇರಿಸಿ, ಆ ಸೊನ್ನೆಯನ್ನು ಹೊಡೆದುಹಾಕಿ, ಪೂರ್ಣಾಂಕ ಕೊಟ್ಟು, ಕೆಳಗೆ ನನ್ನ ರುಜು ಹಾಕುತ್ತಿದ್ದೆ.